ಪ್ರೌಢಶಾಲಾ ರಾಜ್ಯಮಟ್ಟದ ಕುಸ್ತಿ: ಹಿಂದೆ ಆಡಿದವರು ತಮ್ಮ ಪಂದ್ಯಗಳ ಬಗ್ಗೆ ಬರೆಯಬಹುದೇ?

ಸದಾಶಿವಗಡದವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗ ಕಾರವಾರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿ ಓದುತ್ತಿದ್ದಾನೆ. ಈ ಸಲ ಬೆಳಗಾವಿ ವಿಭಾಗಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಹದಿನೇಳು ವರ್ಷದೊಳಗಿನ ಬಾಲಕರ ಫ್ರೀಸ್ಟೈಲ್ ಕುಸ್ತಿಯ 51 ಕೆ.ಜಿ. ತೂಕದಲ್ಲಿ ಗೆದ್ದು ರಾಜ್ಯಮಟ್ಟಕ್ಕೆ ಆಯ್ಕೆಯಾಗಿದ್ದಾನೆ. ನಮ್ಮ ಮನೆಯಲ್ಲಾಗಲಿ, ಕೇರಿಯಲ್ಲಾಗಲಿ ಕುಸ್ತಿ ಹಿಡಿದವರು ಯಾರೂ ಇಲ್ಲ. ಕರಾವಳಿಯ ನಮಗೆ ಕಬಡ್ಡಿ ಗೊತ್ತು, ವಾಲಿಬಾಲ್ ಗೊತ್ತು. ಕುಸ್ತಿಯೆಂದರೆ ಘಟ್ಟದ ಮೇಲಿನ ಹಳಿಯಾಳ, ಮುಂಡಗೋಡದವರ ಆಟವೆಂದೇ ತಿಳಿದವರು ನಾವು. ಇವನೂ ಕಳೆದ ವರ್ಷದ ತನಕ ಕಬಡ್ಡಿ ಅಂಗಣದ ಮೂಲೆಯಲ್ಲಿ ನಿಂತು ರೈಡರ್‌ಗಳ ಕಾಲು ಹಿಡಿಯುತ್ತಿದ್ದ ಹುಡುಗನೇ. ಅವನ ಹಿಡಿತವನ್ನು ನೋಡಿದ ದೈಹಿಕ ಶಿಕ್ಷಣ ಶಿಕ್ಷಕರು ತಾಲೂಕುಮಟ್ಟದ ಕುಸ್ತಿಗೆ ಹೆಸರು ಬರೆಸಿದರು; ಅಲ್ಲಿಂದ ಇಲ್ಲಿಯವರೆಗೆ ಬಂದಿದ್ದಾನೆ.

ಶಾಲೆಯಲ್ಲಿ ಕುಸ್ತಿಯ ಮ್ಯಾಟ್ ಇಲ್ಲ. ಸಂಜೆ ದೇವಬಾಗದ ಮರಳಿನ ಮೇಲೆ ಓಟ, ದಂಡ, ಬೈಠಕ್. ರಜೆಯ ದಿನಗಳಲ್ಲಿ ಪರಿಚಯದವರ ಮೂಲಕ ಹಳಿಯಾಳಕ್ಕೆ ಕರೆದೊಯ್ದು ಅಲ್ಲಿಯ ಹುಡುಗರೊಡನೆ ಮ್ಯಾಟ್ ಮೇಲೆ ಬಿಡುತ್ತೇವೆ. ಅಲ್ಲಿ ಅವನು ಹೆಚ್ಚಾಗಿ ಸೋಲುತ್ತಾನೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಯಾಕೆ ಸೋತ ಎಂಬುದನ್ನು ವಿವರಿಸಿ ಹೇಳುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲವಲ್ಲ ಎಂಬುದೇ ಚಿಂತೆ.

ವಿಭಾಗಮಟ್ಟದ ಕೊನೆಯ ಪಂದ್ಯವೂ ನನಗೆ ಪೂರ್ತಿ ಅರ್ಥವಾಗಿಲ್ಲ. ಮೊದಲ ಎರಡು ನಿಮಿಷಗಳ ಅವಧಿಯಲ್ಲಿ ನಮ್ಮ ಹುಡುಗ ಎದುರಾಳಿಯನ್ನು ಎತ್ತಿ ಬೆನ್ನಡಿಯಾಗಿ ಕೆಡವಿ ನಾಲ್ಕು ಅಂಕ ಪಡೆದ, ಆಮೇಲೆ ಕಾಲು ಹಿಡಿದು ಅವನ ಬೆನ್ನ ಹಿಂದೆ ಹೋಗಿ ಇನ್ನೆರಡು ಅಂಕ. ಎರಡನೆಯ ಅವಧಿಯಲ್ಲಿ ಎದುರಿನ ಹುಡುಗ ಎರಡೆರಡರಂತೆ ಮೂರು ಸಲ ಅಂಕ ಗಳಿಸಿದ. ಕೊನೆಯ ಎರಡು ಅಂಕ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಬಂದವು. ಫಲಕದಲ್ಲಿ ಆರು–ಆರು. ರೆಫರಿ ನಮ್ಮ ಹುಡುಗನ ಕೈಯನ್ನು ಮೇಲೆತ್ತಿದರು. ‘ಕೊನೆಯ ಅಂಕ ನಮ್ಮದು, ಗೆಲುವೂ ನಮ್ಮದೇ’ ಎಂದು ಎದುರಿನವರ ಕಡೆಯಿಂದ ಬಹಳ ಹೊತ್ತು ವಾದ ನಡೆಯಿತು. ಇದರ ಲೆಕ್ಕವೇನು?

ರಾಜ್ಯಮಟ್ಟದಲ್ಲಿ ಆಡಿದವರು, ಆಡಿಸಿದವರು, ತೀರ್ಪು ನೀಡಿದವರು ಇಲ್ಲಿ ಇದ್ದರೆ ನಿಮ್ಮ ನೆನಪಿನಲ್ಲಿ ಉಳಿದ ಒಂದು ಪಂದ್ಯದ ಬಗ್ಗೆ, ಅದರ ಸೋಲು ಗೆಲುವು ಯಾವ ಗಳಿಗೆಯಲ್ಲಿ ತೀರ್ಮಾನವಾಯಿತು ಎಂಬುದರ ಬಗ್ಗೆ ದಯವಿಟ್ಟು ಬರೆಯಿರಿ. ಧೈರ್ಯದಿಂದ ಆಡಲಿ ಎಂಬ ಹಾರೈಕೆ ಬೇಡವೆನ್ನುವುದಿಲ್ಲ, ಆದರೆ ಅದು ಈಗಾಗಲೇ ನೆಂಟರಿಷ್ಟರಿಂದ ಧಾರಾಳವಾಗಿ ಬಂದಿದೆ.

ತಾಲೀಮಿನ ಹುಡುಗ, ಹಳಿಯಾಳ:

ನಾನು ಹಳಿಯಾಳ ತಾಲೂಕಿನವನು, ಈಗ ಉದ್ಯೋಗದ ಕಾರಣ ಶಿರಸಿಯಲ್ಲಿದ್ದೇನೆ. ನಿಮ್ಮ ಹುಡುಗ ನಮ್ಮೂರಿನ ಮ್ಯಾಟ್ ಮೇಲೆ ಸೋಲುತ್ತಿದ್ದಾನೆಂದರೆ ಅದು ಸರಿಯಾದ ಜಾಗದಲ್ಲೇ ಸೋಲುತ್ತಿರುವುದು. ಕ್ರೀಡಾ ಇಲಾಖೆಯ ಕುಸ್ತಿ ವಸತಿನಿಲಯದ ಹುಡುಗರು ವರ್ಷವಿಡೀ ಬೆಳಿಗ್ಗೆ ಸಂಜೆ ಅದನ್ನೇ ಮಾಡುವವರು.

ನನ್ನ ಪಂದ್ಯದ ಬಗ್ಗೆ ಹೇಳುವ ಮೊದಲು ಆಗಿನ ನಿಯಮವನ್ನು ಹೇಳಬೇಕು, ಇಲ್ಲವಾದರೆ ಕಥೆ ತಿಳಿಯುವುದಿಲ್ಲ. 2005ರಿಂದ 2013ರವರೆಗೆ ಎರಡೆರಡು ನಿಮಿಷಗಳ ಮೂರು ಅವಧಿಗಳಿದ್ದವು, ಪ್ರತಿ ಅವಧಿಯ ಲೆಕ್ಕ ಅಲ್ಲಲ್ಲಿಗೇ ಮುಗಿಯುತ್ತಿತ್ತು, ಎರಡು ಅವಧಿ ಗೆದ್ದವನು ಪಂದ್ಯ ಗೆದ್ದ ಹಾಗೆ. ಒಂದು ಅವಧಿಯಲ್ಲಿ ಯಾರೂ ಅಂಕ ಗಳಿಸದಿದ್ದರೆ ರೆಫರಿ ಸಣ್ಣ ಚೀಲದಿಂದ ಬಣ್ಣದ ಚೆಂಡೊಂದನ್ನು ತೆಗೆಯುತ್ತಿದ್ದರು. ಕೆಂಪು ಬಂದರೆ ಕೆಂಪು ಉಡುಪಿನವನಿಗೆ, ನೀಲಿ ಬಂದರೆ ನೀಲಿ ಉಡುಪಿನವನಿಗೆ ಎದುರಾಳಿಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಆರಂಭಿಸುವ ಅವಕಾಶ. ಮೂವತ್ತು ಸೆಕೆಂಡಿನೊಳಗೆ ಅವನು ಕೆಡವಿದರೆ ಅವಧಿ ಅವನದು, ತಡೆದುಕೊಂಡರೆ ಇನ್ನೊಬ್ಬನದು. ಹಿಡಿದ ಕಾಲನ್ನು ಬಿಡಿಸಿಕೊಂಡವರನ್ನು ನಾನು ನೋಡಿದ್ದು ಕಡಿಮೆ.

ರಾಜ್ಯಮಟ್ಟದ ಸೆಮಿಫೈನಲ್‌ನಲ್ಲಿ ನನ್ನ ಎದುರಿಗಿದ್ದವನು ದಾವಣಗೆರೆಯ ಹುಡುಗ. ಮೊದಲ ಅವಧಿಯಲ್ಲಿ ಅವನ ಎಡಗಾಲಿಗೆ ನುಗ್ಗಿ ಕೆಡವಿ ಒಂದು ಅಂಕದಿಂದ ಗೆದ್ದೆ; ಆಗ ಕೆಡವಿದ್ದಕ್ಕೆ ಒಂದೇ ಅಂಕ, ಈಗಿನಂತೆ ಎರಡಲ್ಲ. ಎರಡನೆಯ ಅವಧಿ ಸೊನ್ನೆ–ಸೊನ್ನೆ. ರೆಫರಿ ಚೀಲದೊಳಗೆ ಕೈ ಹಾಕಿ, ಮುಖವನ್ನು ಬೇರೆ ಕಡೆ ತಿರುಗಿಸಿ ತೆಗೆದ ಚೆಂಡು ನೀಲಿ. ನಾನು ಕೆಂಪು. ಆ ಅವಧಿ ಹೋಯಿತು. ಇದನ್ನು ಕೇಳಿದವರೆಲ್ಲ ‘ಪಾಪ, ಅದೃಷ್ಟ ಕೈಕೊಟ್ಟಿತು’ ಎನ್ನುತ್ತಾರೆ. ನಾನು ಸೋತದ್ದು ಚೆಂಡಿನಿಂದಲ್ಲ, ಮೂರನೆಯ ಅವಧಿಯಲ್ಲಿ.

ಮೂರನೆಯ ಅವಧಿಯಲ್ಲಿ ಅವನು ನನ್ನ ತಲೆಯನ್ನು ಕೆಳಕ್ಕೆ ಜಗ್ಗಿ ಹಿಂದೆ ಬಂದ. ಒಂದು ಅಂಕ ಹೋಯಿತು, ಅಷ್ಟೇ. ಆದರೆ ಆ ಕ್ಷಣದಲ್ಲಿ ನನ್ನ ಮೈ ಏನು ಮಾಡಿತೆಂದರೆ, ಹತ್ತು ವರ್ಷದವನಿದ್ದಾಗಿನಿಂದ ಮಟ್ಟಿಯಲ್ಲಿ, ಅಂದರೆ ಗರಡಿಯ ಮಣ್ಣಿನ ಕಣದಲ್ಲಿ, ಕಲಿತದ್ದನ್ನೇ ಮಾಡಿತು: ಹೊಟ್ಟೆಯಡಿಯಾಗಿ ಮಲಗಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಗದ್ದವನ್ನು ಎದೆಗೆ ಸೇರಿಸಿ, ಹಲ್ಲಿಯಂತೆ ನೆಲಕ್ಕೆ ಅಂಟಿಕೊಂಡಿತು. ಜಾತ್ರೆಯ ಕುಸ್ತಿಯಲ್ಲಿ ಇದು ಸೋಲಲ್ಲ. ನಿಕಾಲಿ ಕುಸ್ತಿಗೆ ಹೊತ್ತಿನ ಮಿತಿಯಿಲ್ಲ, ಅಂಕವಿಲ್ಲ, ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವ ತನಕ ಯಾರೂ ಸೋತಿಲ್ಲ. ಕೆಳಗೆ ಬಿದ್ದವನು ಬೆರಳುಗಳನ್ನು ಮಣ್ಣಿನೊಳಗೆ ಊರಿ ಕಾಲು ಗಂಟೆ ಹಾಗೆಯೇ ಇದ್ದು, ಮೇಲಿನವನ ತೋಳು ಸೋತ ಗಳಿಗೆ ನೋಡಿ ಎದ್ದುಬಂದರೆ ಹಲಗಿಯವರು ಅವನಿಗಾಗಿಯೇ ಬಾರಿಸುತ್ತಾರೆ. ನಮ್ಮ ಉಸ್ತಾದರು ‘ಕೆಳಗೆ ಬಿದ್ದಾಗ ಅವಸರ ಮಾಡಬೇಡ’ ಎಂದು ಹೇಳಿಕೊಟ್ಟದ್ದು ಇದನ್ನೇ, ಮಣ್ಣಿನ ಮಟ್ಟಿಗೆ ಅದು ಸರಿಯಾದ ಮಾತು.

ಮ್ಯಾಟ್‌ನಲ್ಲಿ ಊರಲು ಮಣ್ಣಿಲ್ಲ, ಮೇಲಿನವನಿಗೆ ನನ್ನನ್ನು ಚಿತ್ ಮಾಡುವ ಅಗತ್ಯವೂ ಇಲ್ಲ. ಅವನು ಸೊಂಟವನ್ನು ಬಳಸಿ ಹಿಡಿದು ಒಂದು ಸಲ ಉರುಳಿಸಿದ. ಬೆನ್ನು ಮ್ಯಾಟಿನ ಕಡೆಗೆ ತಿರುಗಿದ್ದೇ ತಡ ಎರಡು ಅಂಕ. ನಾನು ಮತ್ತೆ ಹೊಟ್ಟೆಯಡಿಯಾಗಿ ಮಲಗಿದೆ. ಅವನು ಕೆಳಕ್ಕೆ ಜಾರಿ ಎರಡೂ ಕಣಕಾಲುಗಳನ್ನು ಹೆಣೆದು ಇನ್ನೊಮ್ಮೆ ಉರುಳಿಸಿದ. ಒಂದು, ಮೂರು, ಐದು. ನನ್ನ ಭುಜಗಳು ನೆಲಕ್ಕೆ ತಾಗಲೇ ಇಲ್ಲ, ನನಗೆ ದಣಿವೂ ಆಗಿರಲಿಲ್ಲ, ಪಂದ್ಯ ಮಾತ್ರ ಮುಗಿದಿತ್ತು. ಹೊರಗೆ ಬಂದಾಗ ಉಸ್ತಾದರು ‘ನೀನು ಬೀಳಲೇ ಇಲ್ಲವಲ್ಲೋ’ ಎಂದರು. ಅವರ ಕಣ್ಣಿಗೆ ನಾನು ನಿಜಕ್ಕೂ ಬಿದ್ದಿರಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಮತ್ತು ಅಂತರರಾಷ್ಟ್ರೀಯ ನಿಯಮ ಎರಡೂ ಅವರಿಗೆ ಹೊಸದು, ಆದರೂ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷಗಳ ನಂತರ 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಅಷ್ಟು ದೊಡ್ಡ ಪೈಲ್ವಾನರಿಗೇ ನೆಲ ಬದಲಾದದ್ದನ್ನು ಮೈಗೂಡಿಸಿಕೊಳ್ಳಲು ಸಮಯ ಬೇಕಾಯಿತು.

ಹಾಗಾಗಿ ನಿಮ್ಮ ಹುಡುಗನಿಗೆ ಮಣ್ಣಿನ ಅಭ್ಯಾಸವಿಲ್ಲ ಎಂಬುದನ್ನು ಕೊರತೆಯೆಂದು ಎಣಿಸಬೇಡಿ. ರಾಜ್ಯಮಟ್ಟದಲ್ಲಿ ನಾನು ಕಂಡ ವ್ಯತ್ಯಾಸ ಒಂದೇ: ಕೆಡವುವುದು ಎಲ್ಲರಿಗೂ ಬರುತ್ತದೆ, ಕೆಡವಿದ ಮರುಕ್ಷಣವೇ ಉರುಳಿಸುವವರು ಪದಕ ಪಡೆಯುತ್ತಾರೆ. ಈಗ ಹತ್ತು ಅಂಕಗಳ ಅಂತರವಾದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಕೆಡವಿದ್ದಕ್ಕೆ ಎರಡು, ನಾಲ್ಕು ಸಲ ಉರುಳಿಸಿದರೆ ಎಂಟು, ಒಂದೇ ಹಿಡಿತದಲ್ಲಿ ಪಂದ್ಯ ಮುಗಿದ ಉದಾಹರಣೆಗಳು ಬೇಕಾದಷ್ಟಿವೆ. ಕೆಳಗೆ ಬಿದ್ದಾಗ ಮಲಗಬಾರದು. ಸೊಂಟದ ಸುತ್ತ ಕೈ ಕೂಡುವ ಮೊದಲೇ ಆ ಕೈಯನ್ನು ಹಿಡಿದು ಬಿಡಿಸಬೇಕು, ಸೊಂಟವನ್ನು ನೆಲಕ್ಕೆ ಒತ್ತಿ ಕಾಲುಗಳನ್ನು ಅಗಲಿಸಬೇಕು, ಅಥವಾ ಕೂಡಲೇ ಮೊಣಕಾಲೂರಿ ಎದ್ದುಬಿಡಬೇಕು. ಹಳಿಯಾಳಕ್ಕೆ ಬಂದಾಗ ಇದನ್ನೊಂದನ್ನೇ ಅರ್ಧ ಗಂಟೆ ಮಾಡಿಸಿ ಎಂದು ಕೇಳಿ. ಹುಡುಗರಿಗೆ ನಿಂತ ಕುಸ್ತಿಯೇ ಇಷ್ಟ, ಕೆಳಗಿನ ಕುಸ್ತಿಯನ್ನು ಕೇಳದೆ ಯಾರೂ ಮಾಡುವುದಿಲ್ಲ.

ನಿವೃತ್ತ ಪಿ.ಟಿ. ಮಾಸ್ತರು, ಕುಮಟಾ:

ತಾಲೀಮಿನವರು ಮ್ಯಾಟ್ ಮೇಲಿನದನ್ನು ಹೇಳಿದರು, ನಾನು ಮ್ಯಾಟ್ ಹತ್ತುವ ಮೊದಲಿನದನ್ನು ಹೇಳುತ್ತೇನೆ. ಕರಾವಳಿಯ ಮಕ್ಕಳು ಹೆಚ್ಚಾಗಿ ಸೋಲುವುದು ಅಲ್ಲಿಯೇ.

ನಮ್ಮದು ಒಂದೇ ಕಂದಾಯ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಕಾರವಾರ ಶೈಕ್ಷಣಿಕ ಜಿಲ್ಲೆ. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ, ಸಿದ್ದಾಪುರ, ಶಿರಸಿ ಇರುವುದು ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ. ಇದರಿಂದ ಹಳಿಯಾಳದ ಪೈಲ್ವಾನರ ಎದುರು ನಿಲ್ಲದೆಯೇ ನಮ್ಮ ಮಕ್ಕಳು ವಿಭಾಗಮಟ್ಟಕ್ಕೆ ಹೋಗಬಹುದು. ಅನುಕೂಲವೆಂದು ಕಂಡರೂ ಅದು ಅಷ್ಟೇ ಕೆಡುಕು. ತಾಲೂಕಿನಲ್ಲಿ ಆ ತೂಕಕ್ಕೆ ಇನ್ನೊಬ್ಬ ಹುಡುಗನೇ ಇರುವುದಿಲ್ಲ, ಜಿಲ್ಲೆಯಲ್ಲಿ ಒಂದು ಪಂದ್ಯ ನಡೆದರೆ ಹೆಚ್ಚು, ಆಮೇಲೆ ಒಮ್ಮೆಲೇ ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗದವರ ಎದುರು ನಿಲ್ಲಬೇಕು. ನಾನು ಕರೆದೊಯ್ದ ಹುಡುಗರಲ್ಲಿ ಕೆಲವರಿಗೆ ವಿಭಾಗಮಟ್ಟದ್ದೇ ಜೀವನದ ಮೊದಲ ಕುಸ್ತಿ. ನಿಮ್ಮವನು ಆ ಬೆಳಗಾವಿ ವಿಭಾಗದಿಂದ ಗೆದ್ದು ಬಂದಿದ್ದಾನೆಂದರೆ ಅವನ ಬಗ್ಗೆ ನನಗೆ ಈಗಲೇ ಗೌರವ.

ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದ ಪಂದ್ಯ ನಡೆಯದೇ ಹೋದ ಪಂದ್ಯ. ಗಂಜಿ ಉಂಡು ಬೆಳೆದ, ಮೀನುಗಾರರ ಮನೆಯ ಹುಡುಗ; ಬಹಳ ಚುರುಕು. ಬೆಳಿಗ್ಗೆ ತೂಕಕ್ಕೆ ನಿಲ್ಲಿಸಿದಾಗ ತೂಕ ಸರಿಯಾಗಿತ್ತು, ದಾಖಲೆಗಳೂ ಸರಿಯಾಗಿದ್ದವು. ವೈದ್ಯರು ಕೊರಳಿನ ಹಿಂದೆ ಎಂಟಾಣೆ ನಾಣ್ಯದಗಲದ ಹುಳುಕಡ್ಡಿಯನ್ನು ನೋಡಿ ಇವನನ್ನು ಆಡಿಸುವಂತಿಲ್ಲ ಎಂದರು. ಅವರು ಹೇಳಿದ್ದು ಸರಿ, ಚರ್ಮರೋಗ ಮ್ಯಾಟಿನಿಂದ ಎಲ್ಲರಿಗೂ ಹರಡುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಒದ್ದೆ ಬನಿಯನ್ ಹಾಕಿಕೊಂಡೇ ಮಕ್ಕಳು ಅಭ್ಯಾಸ ಮಾಡುತ್ತಾರೆ. ಎರಡು ವಾರ ಮುಲಾಮು ಹಚ್ಚಿದ್ದರೆ ಹೋಗುತ್ತಿದ್ದ ಕಲೆಗೆ ಒಂದು ವರ್ಷದ ಶ್ರಮ ಹೋಯಿತು. ಆದ್ದರಿಂದ ಇವತ್ತೇ ಹುಡುಗನ ಕೊರಳು, ಕಂಕುಳು, ತೊಡೆಸಂದು ನೋಡಿ. ಉಗುರನ್ನು ಬುಡದ ತನಕ ಕತ್ತರಿಸಿ, ಅದನ್ನೂ ಪರೀಕ್ಷಿಸುತ್ತಾರೆ.

ತೂಕ ಇಳಿಸಲೆಂದು ಅನ್ನ, ನೀರು ಬಿಡಿಸುವ ಕೆಲಸಕ್ಕೆ ಯಾರು ಹೇಳಿದರೂ ಕೈಹಾಕಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರು ಫೈನಲ್ ತಲುಪಿದ ಮೇಲೂ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚಿದ್ದರೆಂದು ಅನರ್ಹರಾದುದನ್ನು ನಾವೆಲ್ಲ ನೋಡಿದ್ದೇವೆ. ಅವರ ಜೊತೆ ವೈದ್ಯರು, ಆಹಾರ ತಜ್ಞರು ಇದ್ದರು. ನಮ್ಮ ಹತ್ತನೇ ತರಗತಿಯ ಮಕ್ಕಳ ಜೊತೆ ಇರುವುದು ನಮ್ಮಂಥ ಮಾಸ್ತರು ಮಾತ್ರ. 51ಕ್ಕೆ ಸಹಜವಾಗಿ ಬರದಿದ್ದರೆ ಮುಂದಿನ ವರ್ಷ 55ಕ್ಕೆ ಆಡಲಿ.

ಇನ್ನು ಕಬಡ್ಡಿಯ ಮಾತು. ಕಬಡ್ಡಿಯ ಹುಡುಗರ ಕೈ ಬೇಗ, ಕಾಲಿನ ಹಿಡಿತ ಬಿಗಿ, ನಿಜ. ಆದರೆ ಮೂಲೆಯ ಆಟಗಾರ ಕಣಕಾಲು ಹಿಡಿಯುವಾಗ ತಲೆ ತಗ್ಗಿಸಿ, ಕೈಗಳನ್ನು ಮುಂದೆ ಚಾಚಿ ಬಗ್ಗುತ್ತಾನೆ, ಹಿಡಿದ ಮೇಲೆ ಉಳಿದ ಆರು ಮಂದಿ ಬಂದು ಬೀಳುತ್ತಾರೆಂಬ ಭರವಸೆಯಿಂದ. ಕುಸ್ತಿಯಲ್ಲಿ ಯಾರೂ ಬರುವುದಿಲ್ಲ. ಎದುರಾಳಿ ಕಾಲುಗಳನ್ನು ಹಿಂದಕ್ಕೆ ಎಸೆದು ಎದೆಯ ಭಾರವನ್ನೆಲ್ಲ ಬೆನ್ನ ಮೇಲೆ ಹಾಕಿ, ನಿಧಾನವಾಗಿ ಸುತ್ತಿ ಹಿಂದೆ ಹೋಗಿ ಎರಡು ಅಂಕ ತೆಗೆದುಕೊಳ್ಳುತ್ತಾನೆ. ಎರಡನೆಯ ಅವಧಿಯಲ್ಲಿ ನಿಮ್ಮವನು ಕೊಟ್ಟ ಮೂರು ಸಲದ ಅಂಕಗಳೂ ಹೀಗೆಯೇ ಹೋಗಿರಬೇಕೆಂದು ನನ್ನ ಅಂದಾಜು. ವಿಡಿಯೊ ಇದ್ದರೆ ನೋಡಿ.

ಯಲ್ಲಾಪುರದಾಕೆ:

ಮಾಸ್ತರರಿಗೆ ನಮಸ್ಕಾರ. ತಾಲೀಮಿನ ಅಣ್ಣ ಬರೆದದ್ದನ್ನು ಓದಿದೆ. ಕೆಳಗೆ ಬಿದ್ದು ಮಲಗಬಾರದು ಎಂಬುದನ್ನು ಒಪ್ಪುತ್ತೇನೆ. ಮಣ್ಣಿನ ಅಭ್ಯಾಸವಿಲ್ಲದಿರುವುದು ಕೊರತೆಯಲ್ಲ ಎಂಬುದನ್ನು ಒಪ್ಪಲಾರೆ.

ನಾನು ಪ್ರೌಢಶಾಲೆಗೆ ಸೇರಿದ್ದು ನಿಯಮ ಬದಲಾದ ನಂತರ. ಹೆಣ್ಣುಮಕ್ಕಳ ಕುಸ್ತಿ ಒಲಿಂಪಿಕ್ಸ್ ಸೇರಿದ್ದೇ 2004ರಲ್ಲಿ, ಸಾಕ್ಷಿ ಮಲಿಕ್ ಅವರ ಕಂಚು ಬಂದದ್ದು 2016ರಲ್ಲಿ. ನಾನು ಆರಂಭಿಸಿದಾಗ ನಮ್ಮ ಊರಿನಲ್ಲಿ ಯಾರ ಹೆಸರನ್ನೂ ತೋರಿಸಿ ಅಪ್ಪನನ್ನು ಒಪ್ಪಿಸುವಂತಿರಲಿಲ್ಲ. ಒಪ್ಪಿಸಿದವರು ನಮ್ಮ ಶಾಲೆಯ ಅಕ್ಕೋರು. ಮೈಗಂಟುವ ಉಡುಪಿನ ಬಗ್ಗೆ ಮನೆಯಲ್ಲಿ ಎದ್ದ ತಕರಾರಿಗೆ ಅವರು ಕೊಟ್ಟ ಉತ್ತರ ಚಿಕ್ಕದು: ‘ಕೂಟಕ್ಕೆ ನೀವೇ ಬಂದು ನೋಡಿ.’ ಅಪ್ಪ ಬಂದರು, ಆಮೇಲೆ ತಕರಾರು ಎತ್ತಲಿಲ್ಲ.

ಗರಡಿಯಲ್ಲಿ ನಮಗೆ ಮೊದಲ ತಿಂಗಳುಗಳಲ್ಲಿ ಕಲಿಸಿದ್ದು ಕೊರಳಿನ ಕೆಲಸ. ಮಣ್ಣಿನಲ್ಲಿ ಹಣೆಯೂರಿ, ಪಾದಗಳ ಮೇಲೆ ನಿಂತು, ಮೈಯನ್ನು ಕಮಾನಾಗಿ ಬಗ್ಗಿಸಿ ಮುಂದೆ ಹಿಂದೆ ತೂಗುವುದು. ಮೂಗಿನ ತುದಿ ಮಣ್ಣಿಗೆ ತಾಗುವ ತನಕ. ರಾತ್ರಿ ತಲೆಗೂದಲಿನಿಂದ ಕೆಂಪು ಮಣ್ಣು ತೆಗೆಯುವುದೇ ಒಂದು ಕೆಲಸವಾಗಿತ್ತು. ಇದೆಲ್ಲ ಯಾಕೆ ಎಂದು ನಮಗೆ ಆಗ ತಿಳಿಯುತ್ತಿರಲಿಲ್ಲ.

ರಾಜ್ಯಮಟ್ಟದ ಕಂಚಿನ ಪಂದ್ಯದಲ್ಲಿ ತಿಳಿಯಿತು. ಮ್ಯಾಟ್ ಹತ್ತುವ ಮೊದಲೇ ಒಂದು ಫಜೀತಿ. ಬೆಳಿಗ್ಗೆ ಜೊತೆಗೆ ಬಂದಿದ್ದ ಅಮ್ಮ ಒಳ್ಳೆಯದಾಗಲೆಂದು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದರು. ರೆಫರಿ ಕೈಯಿಂದ ನನ್ನ ಕೊರಳು ಮುಟ್ಟಿ ನೋಡಿ, ಜಿಡ್ಡು ಇರಬಾರದು ಎಂದು ನನ್ನನ್ನು ಕೆಳಗಿಳಿಸಿದರು. ಅಕ್ಕೋರು ಓಡಿಬಂದು ತಮ್ಮ ಟವೆಲಿನಿಂದ ಕೊರಳು, ಕಿವಿ, ಹೆಗಲು ಎಲ್ಲವನ್ನೂ ಉಜ್ಜಿ ಉಜ್ಜಿ ಒರೆಸಿದರು, ಜಡೆಯಲ್ಲಿದ್ದ ಪಿನ್‌ಗಳನ್ನು ಕಿತ್ತು ರಬ್ಬರ್ ಬ್ಯಾಂಡ್ ಹಾಕಿದರು. ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಿ, ಲೋಹದ ಕ್ಲಿಪ್ಪು, ಕಿವಿಯೋಲೆ ಯಾವುದಕ್ಕೂ ಅವಕಾಶವಿಲ್ಲ.

ಪಂದ್ಯ ಆರಂಭವಾಗಿ ಸ್ವಲ್ಪ ಹೊತ್ತಿಗೇ ಆ ಹುಡುಗಿ ನನ್ನ ತಲೆ ಮತ್ತು ತೋಳನ್ನು ಒಟ್ಟಿಗೆ ಲಾಕ್ ಮಾಡಿ ಸೊಂಟದ ಮೇಲಿನಿಂದ ಎಸೆದಳು. ನೇರವಾಗಿ ಬೆನ್ನು. ಅವಳ ಪೂರ್ತಿ ಭಾರ ನನ್ನ ಎದೆಯ ಮೇಲೆ. ಒಂದು ಭುಜ ಮ್ಯಾಟಿಗೆ ತಾಗಿತ್ತು, ಇನ್ನೊಂದು ತಾಗಲು ಒಂದು ಬೆರಳಿನ ಅಂತರ. ಎರಡೂ ತಾಗಿದರೆ ಎಷ್ಟೇ ಅಂಕಗಳಿದ್ದರೂ ಅಲ್ಲಿಗೆ ಮುಗಿಯಿತು. ರೆಫರಿ ಮ್ಯಾಟಿಗೆ ಕೆನ್ನೆಯಿಟ್ಟು ಆ ಸಂದನ್ನೇ ನೋಡುತ್ತಿದ್ದರು, ಅವರ ಕಣ್ಣು ನನಗೆ ಕಾಣುತ್ತಿತ್ತು. ಆಗ ಕೊರಳು ತಾನಾಗಿ ಎದ್ದಿತು. ನೆತ್ತಿಯೂರಿ ಮೈಯೆತ್ತಿ ಆ ಅವಧಿಯ ಗಂಟೆ ಬಾರಿಸುವ ತನಕ ಇದ್ದೆ. ಅಂಕದಲ್ಲಿ ಬಹಳ ಹಿಂದೆ ಬಿದ್ದಿದ್ದೆ, ಆದರೆ ಅವಳು ಅಷ್ಟು ಹೊತ್ತು ನನ್ನನ್ನು ಒತ್ತಿ ಹಿಡಿದು ತೋಳಿನ ಕಸುವನ್ನೆಲ್ಲ ಖರ್ಚು ಮಾಡಿಕೊಂಡಿದ್ದಳು. ಎರಡನೆಯ ಅವಧಿಯಲ್ಲಿ ಅವಳ ಕೈ ಮೇಲೇಳುತ್ತಿರಲಿಲ್ಲ. ಅಂಚಿಗೆ ನೂಕಿ ಹೊರಗೆ ಕಾಲಿಡಿಸಿ ಒಂದೊಂದೇ ಅಂಕ ಸಂಗ್ರಹಿಸಿದೆ, ಕೊನೆಗೆ ಒಮ್ಮೆ ಕೆಡವಿ ಉರುಳಿಸಿದೆ. ಒಂದೇ ಅಂಕದಿಂದ ಗೆದ್ದೆ.

ತಾಲೀಮಿನ ಅಣ್ಣ ಹೇಳಿದ ‘ಮೇಲಿನವನ ತೋಳು ಸೋಲುವ ತನಕ ಕಾಯುವುದು’ ಮ್ಯಾಟ್ ಮೇಲೂ ನಡೆಯುತ್ತದೆ, ಅದಕ್ಕೆ ಕೊರಳು ಬೇಕು ಅಷ್ಟೆ. ದೇವಬಾಗದ ಮರಳಿನಲ್ಲಿ ನಿಮ್ಮ ಹುಡುಗನಿಗೆ ದಂಡ, ಬೈಠಕ್ ಜೊತೆಗೆ ಇದನ್ನೂ ಮಾಡಿಸಿ. ಆದರೆ ಕಲಿಸಿಕೊಡುವವರು ಪಕ್ಕದಲ್ಲಿ ಇಲ್ಲದೆ ಬೇಡ, ಕೊರಳಿನ ವಿಷಯ.

ಸೀಟಿ, ಮುಂಡಗೋಡ:

ಪ್ರಶ್ನೆ ಕೇಳಿದವರ ಆರು–ಆರರ ಲೆಕ್ಕಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಶಾಲಾ ಕೂಟಗಳಲ್ಲಿ ತೀರ್ಪುಗಾರನಾಗಿ ಕೆಲಸ ಮಾಡಿದ ಅನುಭವವಿದೆ.

ಅಂಕ ಸಮವಾದಾಗ ಮೊದಲು ನೋಡುವುದು ಯಾರ ಪಟ್ಟು ಹೆಚ್ಚಿನ ಬೆಲೆಯ ಅಂಕ ತಂದಿದೆ ಎಂಬುದನ್ನು. ನಿಮ್ಮ ಹುಡುಗನಿಗೆ ಒಂದೇ ಎಸೆತಕ್ಕೆ ನಾಲ್ಕು ಅಂಕ ಸಿಕ್ಕಿದೆ, ಎದುರಾಳಿಯದೆಲ್ಲ ಎರಡರವು. ಅಲ್ಲಿಗೆ ತೀರ್ಮಾನವಾಯಿತು, ಮುಂದೆ ನೋಡುವ ಅಗತ್ಯವೇ ಇಲ್ಲ. ಅದೂ ಸಮವಾಗಿದ್ದರೆ ಯಾರಿಗೆ ರೆಫರಿಯ ಎಚ್ಚರಿಕೆ ಕಡಿಮೆ ಸಿಕ್ಕಿದೆ ಎಂಬುದು, ಅದೂ ಸಮವಾದರೆ ಮಾತ್ರ ಕೊನೆಯ ಅಂಕ ಯಾರದು ಎಂಬುದು. ಪ್ರೇಕ್ಷಕರಿಗೆ, ಎಷ್ಟೋ ಸಲ ತರಬೇತುದಾರರಿಗೂ, ನೆನಪಿರುವುದು ಆ ಕೊನೆಯದು ಮಾತ್ರ, ಏಕೆಂದರೆ ಗದ್ದಲವಾಗುವುದು ಅಲ್ಲಿ. ನಿಮ್ಮ ಪಂದ್ಯದ ರೆಫರಿ ಸರಿಯಾಗಿಯೇ ಕೈ ಎತ್ತಿದ್ದಾರೆ.

ಇದರಿಂದ ಆಟಕ್ಕೂ ಒಂದು ಉಪಯೋಗವಿದೆ. ಕೊನೆಯ ಅರ್ಧ ನಿಮಿಷದಲ್ಲಿ ಅಂಕ ಸಮವಾಗಿದ್ದು, ದೊಡ್ಡ ಅಂಕ ತನ್ನದಾಗಿದ್ದರೆ ನುಗ್ಗಬೇಕಾದವನು ಎದುರಾಳಿ. ಈ ಲೆಕ್ಕ ಹುಡುಗನ ತಲೆಯಲ್ಲಿ ಇರಬೇಕು. ಹಾಗೆಂದು ಸುಮ್ಮನೆ ಹಿಂದೆ ಸರಿಯುತ್ತ ಹೋದರೆ ಆಡುತ್ತಿಲ್ಲವೆಂದು ರೆಫರಿ ಎಚ್ಚರಿಸುತ್ತಾರೆ, ಆಮೇಲೆ ಮೂವತ್ತು ಸೆಕೆಂಡುಗಳ ಗಡುವು ಕೊಡುತ್ತಾರೆ. ಆ ಗಡುವಿನಲ್ಲಿ ಯಾರೂ ಅಂಕ ಗಳಿಸದಿದ್ದರೆ ಒಂದು ಅಂಕ ಎದುರಾಳಿಗೆ ಹೋಗುತ್ತದೆ.

ತಾಲೀಮಿನವರ ಚೆಂಡಿನ ಕಾಲ ಹೋದದ್ದು ಒಳ್ಳೆಯದೇ ಆಯಿತು. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಕುಸ್ತಿಯನ್ನೇ ಕೈಬಿಡಬೇಕೆಂದು ಶಿಫಾರಸು ಮಾಡಿದಾಗ ನಮ್ಮಂಥವರಿಗೆಲ್ಲ ಆಘಾತವಾಗಿತ್ತು. ಅದೇ ವರ್ಷ ಅಂಕಗಳನ್ನು ಎರಡೂ ಅವಧಿಗೆ ಕೂಡಿಸುವ, ಕೆಡವಿದ್ದಕ್ಕೆ ಎರಡು ಅಂಕ ಕೊಡುವ ನಿಯಮ ಬಂತು, ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಸಭೆಯಲ್ಲಿ ಕುಸ್ತಿ ಮತ್ತೆ ಒಲಿಂಪಿಕ್ಸ್‌ಗೆ ಸೇರಿತು. ಹಿಂದಿನ ನಿಯಮದಲ್ಲಿ ಯಲ್ಲಾಪುರದ ತಂಗಿಯ ಪಂದ್ಯ ಹೀಗೆ ಸಾಗುತ್ತಿರಲಿಲ್ಲ ಎಂಬುದನ್ನೂ ಗಮನಿಸಿ. ಮೊದಲ ಅವಧಿಯ ಸೋಲು ಅಲ್ಲಿಗೇ ಬಿಟ್ಟುಹೋಗುತ್ತಿತ್ತು, ಎರಡನೆಯದನ್ನು ಗೆದ್ದರೂ ಮೂರನೆಯದನ್ನು ಆಡಬೇಕಾಗುತ್ತಿತ್ತು. ಈಗ ಹಿಂದೆ ಬಿದ್ದವನು ಪ್ರತಿಯೊಂದು ಅಂಕವನ್ನೂ ಬೆನ್ನಟ್ಟಿ ತೀರಿಸಬೇಕು. ಯಾವುದು ಕಷ್ಟವೆಂದು ನನ್ನನ್ನು ಕೇಳಿದರೆ ಈಗಿನದೇ, ಆದರೆ ನ್ಯಾಯವೂ ಇದರಲ್ಲೇ ಹೆಚ್ಚು.

ಸದಾಶಿವಗಡದವ:

ಎಲ್ಲರಿಗೂ ಧನ್ಯವಾದಗಳು. ಸೀಟಿಯವರ ಉತ್ತರವನ್ನು ಹುಡುಗನ ಮುಂದೆ ಓದಿದೆ. ಅವನಿಗೆ ನಾಲ್ಕರ ಲೆಕ್ಕ ಗೊತ್ತೇ ಇರಲಿಲ್ಲ, ಕೊನೆಯ ಹತ್ತು ಸೆಕೆಂಡು ತಾನು ಸೋತೆನೆಂದೇ ತಿಳಿದು ಆಡಿದನಂತೆ. ಮಾಸ್ತರರು ಅಂದಾಜಿಸಿದಂತೆ ವಿಡಿಯೊ ನೋಡಿದೆವು. ಮೂರರಲ್ಲಿ ಎರಡು ಸಲ ತಲೆ ತಗ್ಗಿಸಿ ಕಣಕಾಲಿಗೆ ಹೋದಾಗಲೇ ಅಂಕ ಹೋಗಿದೆ, ಮೂರನೆಯದು ಬೇರೆ. ಕೊರಳಿನ ಹಿಂದೆ ಏನೂ ಇಲ್ಲ, ತೊಡೆಸಂದಿನಲ್ಲಿ ಸಣ್ಣ ಕಲೆಯಿದೆ. ನಾಳೆ ಚರ್ಮವೈದ್ಯರಿಗೆ ತೋರಿಸುತ್ತೇವೆ. ತಾಲೀಮಿನವರು ಹೇಳಿದ ಕೆಳಗಿನ ಕುಸ್ತಿಗಾಗಿ ಬರುವ ಶನಿವಾರ ಹಳಿಯಾಳಕ್ಕೆ ಹೋಗುವ ಯೋಚನೆಯಿದೆ. ಅಲ್ಲಿ ಅವನಷ್ಟೇ ತೂಕದ ಹುಡುಗರ ಜೊತೆ ಬಿಡಬೇಕೇ, ಹೆಚ್ಚು ತೂಕದವರ ಜೊತೆ ಬಿಡಬೇಕೇ?

ತಾಲೀಮಿನ ಹುಡುಗ, ಹಳಿಯಾಳ:

ನಿಂತ ಕುಸ್ತಿಗೆ ಅವನಷ್ಟೇ ತೂಕದವರು ಸಾಕು. ಕೆಳಗಿನ ಕುಸ್ತಿಗೆ ಮಾತ್ರ 55, 60ರ ಹುಡುಗರನ್ನು ಅವನ ಬೆನ್ನ ಮೇಲೆ ಕೂರಿಸಿ, ಸೊಂಟಕ್ಕೆ ಕೈ ಹಾಕುವ ಮುಂಚಿನ ಸ್ಥಿತಿಯಿಂದ ಆರಂಭಿಸಿ ಮೂವತ್ತು ಸೆಕೆಂಡಿನ ತುಂಡುಗಳಾಗಿ ಮಾಡಿಸಲಿ. ಮೂವತ್ತು ಸೆಕೆಂಡು ಉರುಳದೆ ಉಳಿದರೆ ಆ ಸುತ್ತು ಅವನು ಗೆದ್ದ ಲೆಕ್ಕ. ತಂಗಿಯ ಕೊರಳಿನ ಮಾತನ್ನು ಒಪ್ಪಿದೆ, ಅದನ್ನೂ ಅಲ್ಲಿಯೇ ಮಟ್ಟಿಯಲ್ಲಿ ಕಲಿಸಿಕೊಡುವವರು ಇದ್ದಾರೆ. ಶನಿವಾರ ಬೆಳಗಿನ ಅಭ್ಯಾಸ ಬೇಗ ಮುಗಿಯುತ್ತದೆ, ಸಂಜೆಯದಕ್ಕೆ ತಲುಪುವಂತೆ ಹೊರಡಿ. ಮಳೆ ಜೋರಾಗಿದ್ದರೆ ಅಣಶಿ ಘಟ್ಟವನ್ನು ನಂಬಬೇಡಿ, ಅಂಕೋಲಾದಿಂದ ಅರಬೈಲ್ ಹತ್ತಿ ಯಲ್ಲಾಪುರದ ಮೇಲೆ ಬನ್ನಿ. ನಾನೂ ಆ ದಿನ ಊರಿಗೆ ಬರುವವನಿದ್ದೇನೆ. ಬರುವುದು ಖಚಿತವಾದರೆ ಇಲ್ಲಿಯೇ ತಿಳಿಸಿ, ಉಸ್ತಾದರಿಗೆ ಮೊದಲೇ ಹೇಳಿಡುತ್ತೇನೆ.